ಬಾಳವ್ವ ಗೆರೆ ದಾಟದೆ ನಿಂತದ್ದು

ಕೆಂಪಗುಡ್ಡ, ಫೆಬ್ರವರಿ ೩೧, ೨೧೭೪

ನನ್ನ ಅಜ್ಜನ ಮುತ್ತಜ್ಜಿ ಶಾವಂತ್ರೆವ್ವನಿಗೆ, ನಿನ್ನ ಕುಡಿಯಾದ ಯಮನೂರಪ್ಪ ಮಾಡುವ ಶರಣು.

ರಗ್ಬಿ ಲೀಗ್ ಎಂಬ ಆಟವನ್ನು ಕಂಡುಹಿಡಿದವನು ನಾನೇ. ನಿನ್ನ ಕಾಲದಲ್ಲೇ ಅದನ್ನು ಆಡುತ್ತಿದ್ದರೆಂದು ಯಾರಾದರೂ ಹೇಳಿದರೆ ನಂಬಬೇಡ, ಹೊಟ್ಟೆಕಿಚ್ಚಿನವರು. ತಾರೀಖು ನೋಡಿ ಗಾಬರಿಯಾಗಬೇಡ. ಪಂಚಾಂಗ ತಿದ್ದಿದವರು ಫೆಬ್ರವರಿಗೆ ಮೂರು ದಿನ ಹೆಚ್ಚು ಕೊಟ್ಟಿದ್ದಾರೆ. ನಾನು ಓದಿದ್ದು ಊರ ಶಾಲೆಯ ಏಳನೇ ಇಯತ್ತೆಯವರೆಗೆ. ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸು, ಅವು ನೀನು ಹೋದ ಮೇಲೆ ಹುಟ್ಟಿದವು.

ನಾವು ಬಯಲಿನಲ್ಲಿ ಆಡುವುದು ತಂಪುತಾಸಿನಲ್ಲಿ ಮಾತ್ರ, ಎಂದರೆ ಬೆಳಗಿನ ಐದರಿಂದ ಎಂಟರವರೆಗೆ. ಆಮೇಲೆ ಊರ ಮೇಲೆ ನೆರಳುಪಟ್ಟೆ ಎಳೆಯುತ್ತಾರೆ. ಗುಡ್ಡದಿಂದ ಗುಡ್ಡಕ್ಕೆ ಕಟ್ಟಿದ ಆ ಬಟ್ಟೆ ಬಿಸಿಲು ಕುಡಿದು ಕರೆಂಟು ಕೊಡುತ್ತದೆ. ಅದರ ಕೆಳಗೇ ನಮ್ಮ ರೊಟ್ಟಿ, ಜಗಳ, ಮದುವೆ ಎಲ್ಲ. ಒಬ್ಬೊಬ್ಬರಿಗೆ ವರ್ಷಕ್ಕೆ ಇಷ್ಟು ತಾಸು ನೆರಳು ಎಂದು ಹಂಚಿಕೆಯುಂಟು. ಆ ತಂಪುತಾಸಿನಲ್ಲೇ ನನ್ನ ಅಕ್ಕನ ಮಗಳು ಬಾಳವ್ವನಿಗೆ ಹತ್ತು ವರ್ಷ ಕಬಡ್ಡಿ ಕಲಿಸಿದೆ. ನಮ್ಮೂರ ಕಬಡ್ಡಿಗೆ ನೀನೇ ಹಾಕಿಕೊಟ್ಟ ನೇಮ ಇಂದಿಗೂ ನಡೆಯುತ್ತಿದೆ: ಹಿಡಿದರೆಂದರೆ ಮುಗಿಯಿತು, ವಾದ ಮಾಡದೆ, ಹಿಂತಿರುಗಿ ನೋಡದೆ ಗೆರೆ ದಾಟಿ ಹೊರಗೆ ಕೂರಬೇಕು.

ಹತ್ತೊಂಬತ್ತರ ವಯಸ್ಸಿಗೆ ಬಾಳವ್ವನನ್ನು ತುಂಗಾತೀರ ಹದಿಮೂರು ಎಂಬ ರಗ್ಬಿ ಲೀಗ್ ತಂಡ ಸಂಬಳಕ್ಕೆ ತೆಗೆದುಕೊಂಡಿತು. ಮೂರು ಪಂದ್ಯ ನೋಡುತ್ತೇವೆ, ಒಪ್ಪಿಗೆಯಾದರೆ ಎರಡು ವರ್ಷದ ಕರಾರು, ಇಲ್ಲವಾದರೆ ಮನೆ ಎಂದರು. ಈ ಆಟದಲ್ಲಿ ಚೆಂಡು ಹಿಡಿದು ಓಡಬೇಕು. ಎದುರಾಳಿಗಳು ಕೆಡವಿದರೆ ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬೇಕು. ಮೊದಲ ಪಂದ್ಯದಲ್ಲಿ ಮೂವರು ಅವಳನ್ನು ಕೆಡವಿದರು. ಎದ್ದಳು, ಚೆಂಡನ್ನು ಅಲ್ಲೇ ಬಿಟ್ಟಳು, ತಲೆ ತಗ್ಗಿಸಿ ಗೆರೆ ದಾಟಿ ಹೋಗಿ ಕುಳಿತಳು. ನಾಲ್ಕು ಸಾವಿರ ಜನ ನಕ್ಕರು. ಎರಡನೆಯದರಲ್ಲೂ ಹಾಗೆಯೇ ಆಯಿತು.

ತರಬೇತಿ ಕೊಡುವ ರುಬೀನಾ ಬೈಯಲಿಲ್ಲವಂತೆ, ಪಕ್ಕದಲ್ಲಿ ಬಂದು ಕುಳಿತು ಒಂದೇ ಮಾತು ಹೇಳಿದಳಂತೆ: "ಇಲ್ಲಿ ಹಿಡದ್ರ ಔಟಲ್ಲವ್ವಾ. ಚೆಂಡ್ ಸಿಕ್ಕಾಗೊಮ್ಮೆ ತಂಡಕ್ಕ ಆರು ಸಲ ಬೀಳೂ ಹಕ್ಕೈತಿ."

ಬಾಳವ್ವ ಊರಿಗೆ ಬಂದು ನನ್ನ ಎದುರು ನಿಂತಳು. "ಮಾವಾ, ಬಿದ್ದಮ್ಯಾಲೆ ಏನ್ ಮಾಡಬೇಕಂತ ಯಾಕ ಕಲಿಸ್ಲಿಲ್ಲ ನೀ?"

ನಾನು ರೊಟ್ಟಿ ಮುರಿಯುತ್ತ ಕುಳಿತೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಯಮನೂರಪ್ಪನೇ ಅಲ್ಲ. ನೆರಳುಪಟ್ಟೆ ಹೊಲಿಯುವ ಹಸನಸಾಬನ ಮುಂದೆ, ನಾನು ಕಲಿಸಿದ್ದು ಯಾರಿಂದಲೂ ಅಳಿಸಲಾಗದು, ಮೂರನೆಯ ಸಲವೂ ಅವಳು ಹೊರನಡೆಯುತ್ತಾಳೆ ಎಂದು ಪಣ ಕಟ್ಟಿದೆ. ಸ್ವಂತ ಸೊಸೆಯ ಸೋಲಿಗೆ ಪಣ ಕಟ್ಟುವ ಮಾವನನ್ನು ಇದೇ ಮೊದಲು ನೋಡಿದ್ದು ಎಂದು ಅವನು ಹೇಳಿದ. ಪಣಕ್ಕೆ ಮಾತ್ರ ಒಪ್ಪಿದ.

ನಾನೂ ಹಸನಸಾಬನೂ ನೋಡಲು ಹೋದ ಮೂರನೆಯ ಪಂದ್ಯದಲ್ಲಿ ನಾಲ್ವರು ಅವಳ ಮೇಲೆ ಬಿದ್ದರು. ಎದ್ದಳು. ಗೆರೆಯ ಕಡೆ ಒಂದು ಹೆಜ್ಜೆ ಇಟ್ಟಳು. ನನ್ನ ಎದೆ ಉಬ್ಬಿತು, ಶಾವಂತ್ರೆವ್ವ, ಸುಳ್ಳೇಕೆ ಹೇಳಲಿ. ಎರಡನೆಯ ಹೆಜ್ಜೆ ಎತ್ತಿದವಳು ಕಾಲು ಗಾಳಿಯಲ್ಲಿರುವಾಗಲೇ ತಿರುಗಿದಳು. ಚೆಂಡನ್ನು ನೆಲಕ್ಕಿಟ್ಟು ಹಿಂದಕ್ಕೆ ಉರುಳಿಸಿದಳು. ಯಾರೂ ನಗಲಿಲ್ಲ. ಆ ದಿನ ಹದಿನಾಲ್ಕು ಸಲ ಕೆಡವಿದರು, ಹದಿನಾಲ್ಕು ಸಲ ಎದ್ದಳು. ಎಂಟು ಗಂಟೆಗೆ ಪಟ್ಟೆ ಎಳೆಯುವಾಗ ಅವಳ ಕೈಯಲ್ಲಿ ಕರಾರಿತ್ತು, ಮತ್ತು ಹಸನಸಾಬನಿಗಿಂತ ಮೊದಲು ಎದ್ದು ಕೂಗಿದವನು ನಾನೇ, ಇದಂತೂ ನಿಜ.

ಅದಕ್ಕೇ ಈ ಕಾಗದ. ಹಿಂದಿನ ಕಾಲದಲ್ಲಿ ಇದು ನಿನ್ನ ಕೈ ಸೇರುವಾಗ ನೀನಿನ್ನೂ ಆ ನೇಮವನ್ನು ಹಾಕಿರಲಿಕ್ಕಿಲ್ಲ. ಹಾಕುವ ದಿನ, ಹಿಡಿಸಿಕೊಂಡ ಹುಡುಗಿಗೆ ಒಂದು ಸಲವಾದರೂ ಎದ್ದು ಆಡಲು ಬಿಡು. ಇಲ್ಲಿ ನಾನೂ ಈಗ ಹಾಗೆಯೇ ಕಲಿಸುತ್ತಿದ್ದೇನೆ.

ಪಣದಲ್ಲಿ ಹತ್ತು ತಾಸು ನೆರಳು ಸೋತೆನೆಂದು ಅಕ್ಕನಿಗೆ ಹೇಳಿದ್ದೇನೆ, ಬಾಳವ್ವನಿಗೆ ಇಪ್ಪತ್ತು ಎಂದಿದ್ದೇನೆ. ನಿನ್ನಿಂದ ಮುಚ್ಚಿಟ್ಟು ಏನಾಗಬೇಕಿದೆ: ಮುನ್ನೂರ ನಲವತ್ತು.