ಭೋಲಾನ ಮೂವತ್ತನೆಯ ದಿನ

ಸಾಲ್ಟ್ ಲೇಕ್, ಕಲ್ಕತ್ತಾ
೧೨ ಆಗಸ್ಟ್ ೨೦೦೭, ಭಾನುವಾರ

ನನ್ನ ಮುದ್ದು ಮಗಳು ಶ್ರೀರಕ್ಷಾಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹಾಲೆಂಡಿನಲ್ಲಿ ನೀನು ಸೈಕಲ್ ತುಳಿದುಕೊಂಡು ಆಫೀಸಿಗೆ ಹೋಗುತ್ತೀಯೆಂದು ಅರುಣ ಹೇಳಿದ. ಇಲ್ಲಿಂದ ಸೆಕ್ಟರ್ ಫೈವಿನ ಆಫೀಸಿಗೆ ಹೋಗಲು ಬಾಗಿಲಿಗೇ ಕಾರು ಬರಬೇಕಿತ್ತಲ್ಲ ಮಹಾರಾಯ್ತಿ! ಇವತ್ತು ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ಮಾಡಿದೆಯೋ, ಇಲ್ಲ ಅವನ ಕೈಯಲ್ಲೇ ಪಾತ್ರೆ ತೊಳೆಸಿದೆಯೋ? ಎರಡಕ್ಕೂ ನನ್ನ ಆಕ್ಷೇಪಣೆಯಿಲ್ಲ. ನಾನು ಚೆನ್ನಾಗಿದ್ದೇನೆ, ಮಂಡಿ ತನ್ನ ಪಾಡಿಗೆ ತಾನು ನೋಯುತ್ತಿದೆ. ವಾರವಾರ ಫೋನಿನಲ್ಲಿ ಮಾತಾಡಿಯೂ ಈ ಕಾಗದ ಏಕೆಂದರೆ, ನಿನ್ನ ಪಕ್ಕದಲ್ಲಿ ಪೂರ್ವಿ ಕಿವಿಗೊಟ್ಟು ನಿಂತಿರುತ್ತಾಳೆ. ಒಂಬತ್ತು ವರ್ಷದ ಹುಡುಗಿ ಕೇಳಿಸಿಕೊಳ್ಳುತ್ತಿರುವಾಗ ಅವಳ ನಾಯಿಯ ಪ್ರಯಾಣ ಮುಂದೆ ಹೋದದ್ದನ್ನು ಬಿಡಿಸಿ ಹೇಳಲು ನನ್ನ ಬಾಯಿ ಏಳಲಿಲ್ಲ.

ಮೊದಲು ಭೋಲಾನ ಸಮಾಚಾರ. ಬಡಗಿ ಅವನ ಮೂಗಿನಿಂದ ಬಾಲದ ಬುಡದವರೆಗೆ ಅಳತೆ ತೆಗೆದುಕೊಂಡು ಹೋಗಿ, ವಿಮಾನದವರು ಹೇಳಿದಂತೆಯೇ ಪೆಟ್ಟಿಗೆ ಮಾಡಿಕೊಟ್ಟ. ಅದನ್ನು ನೋಡಿದ್ದೇ ತಡ, ನಮ್ಮ ಶೂರ ಮಂಚದ ಕೆಳಗೆ ಸೇರಿಕೊಂಡ. ನಾನು ಆ ಪೆಟ್ಟಿಗೆಯ ಎದುರು ನೆಲದ ಮೇಲೆ ಕೂತು, ಒಳಗೆ ಮೊಸರನ್ನದ ತಟ್ಟೆ ಇಟ್ಟು, ಬೇಡಿಕೊಳ್ಳದ ದೇವರಿಲ್ಲ. ಮೊದಲ ವಾರ ತಲೆ ಮಾತ್ರ ತೂರಿಸಿದ. ಆಮೇಲೆ ಮುಂಗಾಲು. ಈಗ ಪೂರ್ತಿ ಒಳಗೆ ಹೋಗಿ ಮಲಗುತ್ತಾನೆ, ಬಾಗಿಲು ಹಾಕಿದರೂ ಸುಮ್ಮನಿರುತ್ತಾನೆ, ಆದರೆ ಜಾಲರಿಯೊಳಗೆ ನನ್ನ ಒಂದು ಬೆರಳು ಇರಲೇಬೇಕು. ನಿನ್ನೆ ನಲವತ್ತು ನಿಮಿಷ ಹಾಗೆಯೇ ಕೂತಿದ್ದೆ. ವಿಮಾನದಲ್ಲಿ ಯಾರು ಬೆರಳು ಕೊಡುತ್ತಾರೋ ನಾನರಿಯೆ. ಅಷ್ಟರೊಳಗೆ ಈ ಅಭ್ಯಾಸವನ್ನೂ ಬಿಡಿಸಬೇಕು.

ಇನ್ನು ರಕ್ತದ ವಿಷಯ. ನಿಮ್ಮ ಹಾಲೆಂಡಿನವರ ನಿಯಮ ನಿನಗೆ ಗೊತ್ತೇ ಇದೆ: ಮೊದಲು ಚರ್ಮದಡಿ ಚಿಪ್, ಆಮೇಲೆ ರೇಬಿಸ್ ಚುಚ್ಚುಮದ್ದು, ಅದಾಗಿ ಮೂವತ್ತು ದಿನ ಕಳೆದ ಮೇಲೆ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸುವುದು, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯುವುದು. ಚುಚ್ಚುಮದ್ದು ಕೊಡಿಸಿದ್ದು ಜೂನ್ ನಾಲ್ಕಕ್ಕೆ. ರಕ್ತ ತೆಗೆಸಿದ್ದು ಜುಲೈ ಮೂರಕ್ಕೆ. ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ಆದರೆ ಇಪ್ಪತ್ತೊಂಬತ್ತೇ ದಿನ ಆಗಿದೆ, ಇದು ನಡೆಯುವುದಿಲ್ಲ ಎಂದು ಉತ್ತರ ಬಂತು. ನಾನು ಡಾಕ್ಟರ್ ಸಾನ್ಯಾಲರಿಗೆ ನಮ್ಮ ಪದ್ಧತಿ ವಿವರಿಸಿದೆ. ನಮ್ಮಲ್ಲಿ ಮೊದಲ ದಿನವನ್ನೂ ಸೇರಿಸಿಯೇ ಎಣಿಸುವುದು. ನಿಮ್ಮಮ್ಮ ಹೋದಾಗ ಹೋದ ದಿನವನ್ನೇ ಒಂದೆಂದು ಹಿಡಿದು ಹದಿಮೂರನೆಯ ದಿನ ವೈಕುಂಠ ಸಮಾರಾಧನೆ ಮಾಡಲಿಲ್ಲವೆ? ಆ ಲೆಕ್ಕದಲ್ಲಿ ಜುಲೈ ಮೂರೇ ಮೂವತ್ತನೆಯ ದಿನ. ಪಾಪ, ಸಾನ್ಯಾಲರು ತಾಳ್ಮೆಯಿಂದ ಕೇಳಿಸಿಕೊಂಡು, ಚುಚ್ಚುಮದ್ದಿನ ಕಾರ್ಡನ್ನು ತಾವೇ ನೋಡಬೇಕಾಗಿತ್ತು, ತಪ್ಪು ತಮ್ಮದು ಎಂದರು. ಮೊನ್ನೆ ಒಂಬತ್ತರಂದು ಮತ್ತೆ ರಕ್ತ ತೆಗೆದಿದ್ದಾರೆ. ಅದರ ಕಾಗದಗಳ ನಕಲು ಇದರ ಜೊತೆಗಿದೆ. ಅಂತೂ ಅಕ್ಟೋಬರ್ ನಾಲ್ಕಕ್ಕೆ ವಿಮಾನ ಹತ್ತಬೇಕಾದವನು ನವೆಂಬರ್ ಒಂಬತ್ತು ಕಳೆಯುವವರೆಗೆ ಇಲ್ಲೇ.

ಪೂರ್ವಿ ಅಕ್ಟೋಬರ್ ನಾಲ್ಕರವರೆಗೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳೆಂದು ನೀನೇ ಹೇಳಿದ್ದೆ. ಹೊಸ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ, ಮನೆಗೆ ಬಂದು ಭೋಲಾನ ಫೋಟೋ ಮುಂದೆ ಕೂತು ಶಾಲೆಯ ಕಥೆ ಹೇಳುತ್ತಾಳೆ ಎಂದೂ ಹೇಳಿದ್ದೆ. ಹೋದ ಭಾನುವಾರ ಅವಳು ಅಳಲಿಲ್ಲ. "ತಾತಾ, ಆ ಡಾಕ್ಟರ್ ತುಂಬಾ ಸ್ಟುಪಿಡ್. ಐ ಹೇಟ್ ಹಿಮ್," ಎಂದು ಫೋನನ್ನು ನಿನ್ನ ಕೈಗೆ ಕೊಟ್ಟುಬಿಟ್ಟಳು. ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನೀವು ಹೋಗಿ ಮೂರು ತಿಂಗಳಾಯಿತು. ಸಂಜೆ ಆರಕ್ಕೆ ಭೋಲಾ ಈಗಲೂ ಗೇಟಿನ ಹತ್ತಿರ ಹೋಗಿ ನಿನ್ನ ಆಫೀಸಿನ ಕಾರಿಗೆ ಕಾಯುತ್ತಾನೆ. ಬರುವುದಿಲ್ಲ ಬಾರೋ ಎಂದರೆ ಕೇಳುವುದಿಲ್ಲ, ನಾನೂ ನಿಲ್ಲುತ್ತೇನೆ. ಪಕ್ಕದ ಮನೆಯವರು ಒಳ್ಳೆಯವರು, ಆಗಾಗ ಚಹಾ ಕುಡಿಯಲು ಕರೆಯುತ್ತಾರೆ. ಇಲ್ಲಿಯ ರೈಲ್ವೆಯಲ್ಲಿ ಮೂವತ್ತೈದು ವರ್ಷ ಗಾರ್ಡ್ ಆಗಿದ್ದವನಿಗೆ ಬಂಗಾಳಿ ಏನೂ ಹೊಸದಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ನಾನು ಕನ್ನಡದಲ್ಲಿ ಮಾತಾಡುವುದು ಈ ನಾಯಿಯ ಜೊತೆ ಮಾತ್ರ. ಸಾರಿಗೆ ಉಪ್ಪು ಹೆಚ್ಚಾಯಿತೆ ಎಂದು ಅವನನ್ನೇ ಕೇಳುತ್ತೇನೆ. ಅವನು ಹೋದ ಮೇಲೆ ನಾನು ತುಂಬಾ ಒಂಟಿಯಾಗುತ್ತೇನೆ ಶ್ರೀ. ಇದಕ್ಕೆ ನೀನೇನೂ ಮಾಡಬೇಕಾಗಿಲ್ಲ, ಹೇಳಬೇಕೆನಿಸಿತು, ಹೇಳಿದೆ.

ಚಳಿ ಶುರುವಾಗುವ ಮೊದಲು ಒಳ್ಳೆಯ ಸ್ವೆಟರ್ ತೆಗೆದುಕೋ. ಅರುಣನಿಗೆ ನನ್ನ ಆಶೀರ್ವಾದ. ಪೂರ್ವಿಯ ಕೆನ್ನೆಗೆ ಒಂದು ಮುತ್ತು. ನಿಮ್ಮೆಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಲಕ್ಷ್ಮೀನಾರಾಯಣ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹದಿಮೂರನೆಯ ದಿನದ ಲೆಕ್ಕವೆಲ್ಲ ನಾನು ಹೂಡಿದ ನೆಪ. ಜುಲೈ ಮೂರರಂದು ಸಾನ್ಯಾಲರ ಮುದುಕ ಕಾಂಪೌಂಡರ್ ಕಾರ್ಡ್ ನೋಡಿ, "ಮೇಶೋಮೊಶಾಯ್, ಕಾಲ್ ಆಶುನ್" ಎಂದ, ನಾಳೆ ಬನ್ನಿ ಎಂದು. ಡಾಕ್ಟರೇ ಇವತ್ತು ಬರಹೇಳಿದ್ದಾರೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಒಂದು ದಿನ ಮುಂಚಿತವಾದರೂ ವಾಪಸು ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಟೋಬರ್ ನಾಲ್ಕಕ್ಕೆ ಅವನು ಹೋಗಿಬಿಟ್ಟರೆ, ಅದೇ ತಿಂಗಳು ದುರ್ಗಾಪೂಜೆ. ಊರಿಗೆ ಊರೇ ಹೊಸ ಬಟ್ಟೆ ಹಾಕಿಕೊಂಡು ಮನೆಮಂದಿಯ ಜೊತೆ ಬೀದಿಯಲ್ಲಿರುವಾಗ ನಾನೊಬ್ಬನೇ ಮನೆಯೊಳಗೆ ಕೂತಿರುವುದು ನೆನೆದೇ ಹೆದರಿದೆ. ಪೂಜೆ ಮುಗಿಯುವವರೆಗಾದರೂ ಅವನಿರಲಿ ಎಂದುಕೊಂಡೆ. ಮಗುವಿನ ಕ್ಯಾಲೆಂಡರ್ ನೆನಪಾಗಲಿಲ್ಲ. ನಾಳೆ ಬೆಳಿಗ್ಗೆಯೇ ಸಾನ್ಯಾಲರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ಪೂರ್ವಿಗೆ ನೀನು ಹೇಳು, ಮುಚ್ಚಿಡಬೇಡ. ಡಾಕ್ಟರ ಮೇಲೆ ಸಿಟ್ಟು ಮಾಡಿಕೊಂಡಿದ್ದಾಳೆ, ಅದು ನನಗೆ ಸೇರಬೇಕಾದ ಸಿಟ್ಟು. ಆಮೇಲೆ ಫೋನ್ ಮಾಡಿದಾಗ ತಾತನ ಜೊತೆ ಮಾತಾಡುವುದಿಲ್ಲ ಎಂದರೆ ಬಲವಂತ ಮಾಡಬೇಡ.