ಕೇಸ್ ಶೀಟಿನ ತಪ್ಪು–ಒಪ್ಪು

ಗುರುವಾರ, ಹನ್ನೆರಡನೇ ತಾರೀಕು
ಪ್ರೆಸ್ಸಿನಿಂದ, ಮಧ್ಯಾಹ್ನದ ಊಟದ ಬಿಡುವಿನಲ್ಲಿ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವ ನನ್ನ ಮಗಳಿಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂಬುದನ್ನು ನಿನ್ನ ಕಾಗದವೇ ಹೇಳಿತು. 'ಅಪ್ಪ' ಎಂದು ಬರೆದ ಕಡೆಯೆಲ್ಲ ಒತ್ತಕ್ಷರವನ್ನು ಹಾಳೆ ತೂತಾಗುವಂತೆ ಒತ್ತಿದ್ದೀಯ. ಇಪ್ಪತ್ತಮೂರು ವರ್ಷದಿಂದ ಈ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿರುವವಳು ನಾನು. ಜನ ಏನು ಬರೆದಿದ್ದಾರೆ ಎನ್ನುವುದಕ್ಕಿಂತ ಹೇಗೆ ಬರೆದಿದ್ದಾರೆ ಎನ್ನುವುದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.

ಕಾಗದದ ಜೊತೆ ನಿನ್ನ ಬೋರ್ಡಿನ ನಕ್ಷೆಯೂ ಬಂತು. ಸೋಮವಾರ ಅಂಗಡಿ ತೆರೆಯುತ್ತೀಯ. ಮೊದಲ ಸಾಲಿನಲ್ಲಿ 'ಗೆರೆ ಮೇಷ್ಟ್ರ ಮಗಳು', ಎರಡನೆಯ ಸಾಲಿನಲ್ಲಿ 'ಇಲ್ಲಿ ಬೋರ್ಡ್ ಬರೆದು ಕೊಡಲಾಗುವುದು'. ಇದೇ ಇರಬೇಕು ಎಂದು ಹಟ ಹಿಡಿದವಳು ನೀನೇ. ಸ್ಕೇಲ್ ಮುಟ್ಟದೆ ಗೋಡೆಯುದ್ದ ನೆಟ್ಟಗೆ ಗೆರೆ ಎಳೆಯುತ್ತಿದ್ದ ನಿಮ್ಮಪ್ಪನಿಗೆ ಊರವರು ಇಟ್ಟ ಹೆಸರು ಅದು. ಈಗ ಆ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಕಳಿಸಿದ್ದೀಯ. ಅವರ ಕುಂಚದ ಪೆಟ್ಟಿಗೆಯೂ ಬೇಡವಂತೆ, ಹೊಸದು ಕೊಂಡುಕೊಳ್ಳುತ್ತೀಯಂತೆ.

ಕಾರಣ ಗೊತ್ತಿಲ್ಲದವಳೇನಲ್ಲ ನಾನು. ಹದಿನೈದು ದಿನದ ಹಿಂದೆ ಮನೆಗೆ ಬಂದ ನೀನು ಬೀರುವಿನಲ್ಲಿ ಅಪ್ಪನ ಹಳೆಯ ಬೋರ್ಡುಗಳ ಫೋಟೋ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಆಸ್ಪತ್ರೆಯ ಫೈಲು. ಕೇಸ್ ಶೀಟಿನ ಮೊದಲ ಪುಟದಲ್ಲಿ ಅವರ ಹೆಸರಿನ ಕೆಳಗೆ ಬರೆದಿತ್ತು: 'ಧೂಮಪಾನ: ಹೌದು. ದಿನಕ್ಕೆ ಮೂರು. ಹತ್ತೊಂಬತ್ತು ವರ್ಷದಿಂದ.' ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ನಿನಗೆ ಹತ್ತು ವರ್ಷವಾಗಿದ್ದಾಗ ಕುಂಚದ ಪೆಟ್ಟಿಗೆಯಲ್ಲಿ ಸಿಗರೇಟು ಪ್ಯಾಕು ಕಂಡು ಮನೆ ತಲೆಕೆಳಗು ಮಾಡಿದ್ದು ನನಗೂ ನೆನಪಿದೆ. ಅಪ್ಪ ಆವತ್ತು, ನಂದೇ ಕಣೇ, ಇನ್ಮೇಲೆ ಈ ಪೆಟ್ಟಿಗೇಲಿ ನಿಂಗೆ ಸಿಗರೇಟು ಕಾಣಲ್ಲ, ಎಂದು ನಿನ್ನ ಕೈ ಹಿಡಿದು ಮಾತು ಕೊಟ್ಟಿದ್ದರು.

ಆ ಮಾತು ಮುರಿದರು, ಮಗಳಿಗೇ ಸುಳ್ಳು ಹೇಳಿ ಕದ್ದು ಸೇದಿದರು, ಆ ಹೊಗೆಯೇ ತಲೆಗೇರಿ ಗಡ್ಡೆಯಾಯಿತು, ಐವತ್ತು ತುಂಬುವ ಮೊದಲೇ ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟು ಹೋದರು. ಅಂಥವರ ಹೆಸರು ನನ್ನ ಬೋರ್ಡಿನ ಮೇಲೆ ಬೇಡ. ಇಷ್ಟು ತಾನೇ ನಿನ್ನ ನಾಲ್ಕು ಪುಟದ ಸಾರ?

ನಿನ್ನ ಕಾಗದ ಬಂದ ಮರುದಿನವೇ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಅಪ್ಪನನ್ನು ನೋಡಿದ್ದ ಡಾಕ್ಟರಮ್ಮ ಈಗಲೂ ಅಲ್ಲೇ ಇದ್ದಾರೆ, ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ. ಕಿಟಕಿಯ ಮೇಲೆ ಅದೇ ಒಣಗಿದ ಹೂಕುಂಡ. ನಾಲ್ಕು ವರ್ಷವಾದರೂ ನನ್ನ ಗುರುತು ಹಿಡಿದರು. ಕೂತವಳೇ ಕೇಳಿದೆ: ಸಿಗರೇಟು ಸೇದಿದರೆ ಮೆದುಳಲ್ಲಿ ಗಡ್ಡೆ ಬರುತ್ತಾ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ.

ಆಕೆ ನಕ್ಕರು. ಒಂದೇ ಪದದಲ್ಲಿ ಹೇಳೋ ಹಾಗಿದ್ರೆ ನಮಗೂ ಸುಲಭ ಆಗ್ತಿತ್ತು ಎಂದರು. ಆಮೇಲೆ ಹೇಳಿದ್ದನ್ನು ಒಂದು ಅಕ್ಷರ ಆಚೀಚೆ ಮಾಡದೆ ಬರೆಯುತ್ತಿದ್ದೇನೆ, ಅದು ನನ್ನ ಕಸುಬು. ಶ್ವಾಸಕೋಶಕ್ಕೆ, ಗಂಟಲಿಗೆ, ಹೃದಯಕ್ಕೆ ಸಿಗರೇಟು ವಿಷವೇ. ಅದರಲ್ಲಿ ಚರ್ಚೆಯೇ ಇಲ್ಲ. ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರು ಮೆದುಳಿಗೆ ಹರಡುವುದೂ ಉಂಟು. ಜನ ಅದನ್ನೂ ಮೆದುಳಲ್ಲೇ ಹುಟ್ಟುವ ಗಡ್ಡೆಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಆದರೆ ಅಪ್ಪನ ಗಡ್ಡೆ ಮೆದುಳಲ್ಲೇ ಹುಟ್ಟಿದ್ದು. ಶ್ವಾಸಕೋಶದ ಚಿತ್ರ ತೆಗೆದು ನೋಡಿದ್ದರು, ಶುಭ್ರವಾಗಿತ್ತು. ಹಾಗೆ ಮೆದುಳಲ್ಲೇ ಹುಟ್ಟುವ ಗಡ್ಡೆಗಳ ಬಗ್ಗೆ ಎಷ್ಟೋ ದೇಶಗಳಲ್ಲಿ ಸಾವಿರಾರು ಜನರನ್ನು ಕೇಳಿ, ಸೇದುವವರನ್ನೂ ಸೇದದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಕೆಲವು ಕಡೆ ಸೇದುವವರಲ್ಲಿ ಒಂದು ಎಳೆ ಹೆಚ್ಚು ಕಾಣುತ್ತದೆ, ಕೆಲವು ಕಡೆ ಅದೂ ಇಲ್ಲ. ಎಲ್ಲ ಸೇರಿಸಿ ತೂಗಿದರೆ, ಸಿಗರೇಟಿನಿಂದಲೇ ಬಂತು ಎನ್ನಲು ಗಟ್ಟಿ ಆಧಾರ ಇಲ್ಲ. ಸಂಬಂಧವೇ ಇಲ್ಲ ಎಂದು ಬರೆದುಕೊಡಿ ಅಂದ್ರೆ ಅದೂ ಆಗಲ್ಲ, ಇದುವರೆಗೆ ಕಂಡಿಲ್ಲ ಅಂತ ಮಾತ್ರ ಹೇಳಬಲ್ಲೆ, ಎಂದರು.

ಹಾಗಾದರೆ ಅವರಿಗೇ ಯಾಕೆ ಬಂತು ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಅಷ್ಟು ಓದಿದವರು ಅಷ್ಟು ಸಲೀಸಾಗಿ ಗೊತ್ತಿಲ್ಲ ಅಂದದ್ದು ಕೇಳಿ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು. ನಮ್ಮಂಥವರಿಗೆ ಹಾಗಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕದಿದ್ದರೆ ನಿದ್ದೆ ಬರುವುದಿಲ್ಲ. ನೀನು ನಿಮ್ಮಪ್ಪನನ್ನು ಕಾಗೆ ಮಾಡಿ ಕೂರಿಸಿದ್ದೀಯ.

ಇದು ಅರ್ಧ ಉತ್ತರ. ಇನ್ನರ್ಧವನ್ನು ಧೈರ್ಯವಾಗಿ ಹೇಳುತ್ತೇನೆ, ಕೇಳು. ನಿಮ್ಮಪ್ಪ ಬದುಕಿನಲ್ಲಿ ಒಂದು ಸಿಗರೇಟನ್ನೂ ಸೇದಿದವರಲ್ಲ. ಹೊಗೆ ಮೂಗಿಗೆ ಬಿದ್ದರೆ ಏಳು ಸಲ ಸೀನುತ್ತಿದ್ದರು, ಲೆಕ್ಕ ಹಾಕಿ ಏಳು. ನೀನು ಅವರ ಭುಜದ ಮೇಲೆ ಮಲಗಿ ಬೆಳೆದವಳು. ಅವರ ಅಂಗಿಯಲ್ಲಿ ಟರ್ಪೆಂಟೈನ್ ವಾಸನೆ ಬಿಟ್ಟು ಬೇರೆ ಏನನ್ನಾದರೂ ಮೂಸಿದ್ದೀಯಾ, ನೆನಪಿಸಿಕೊ.

ಹಾಗಾದರೆ ಕೇಸ್ ಶೀಟಿನಲ್ಲಿ ಬರೆದದ್ದೇನು ಎನ್ನುತ್ತೀಯ. ಆ ದಿನ ವಾರ್ಡಿನಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಫಾರಂ ತುಂಬಿಸಲು ಬಂದ ಗುಮಾಸ್ತ ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲವೋ ಏನೋ. ಪಕ್ಕದ ಹಾಸಿಗೆಯವರ ಉತ್ತರ ಇವರ ಫಾರಮಿಗೆ ಬಂದು ಕೂತಿದೆ. ನಮ್ಮ ಪ್ರೆಸ್ಸಿನಲ್ಲಿ ಇದಕ್ಕೆ ಸಾಲು ಜಾರುವುದು ಅನ್ನುತ್ತೇವೆ. ಕಣ್ಣು ಒಂದು ಸಾಲು ಕೆಳಗಿಳಿದರೆ ಮದುವೆಯ ಸುದ್ದಿ ಸಾವಿನ ಸುದ್ದಿಗೆ ಅಂಟಿಕೊಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಗುಮಾಸ್ತ ತಪ್ಪು ಬರೆದ, ಅಷ್ಟೇ. ಕುಂಚದ ಪೆಟ್ಟಿಗೆಯ ಆ ಪ್ಯಾಕು ಯಾರೋ ಗೊತ್ತಿದ್ದವರದ್ದು. ಅವರ ಮಾನ ಹೋಗಬಾರದೆಂದು ಅಪ್ಪ ತನ್ನ ಮೇಲೆ ಹಾಕಿಕೊಂಡರು. ಅವರ ಸ್ವಭಾವ ನಿನಗೇ ಗೊತ್ತು.

ಆದ್ದರಿಂದ ಸಿಟ್ಟು ಇಳಿಸು. ಪೆಟ್ಟಿಗೆ ಶನಿವಾರದ ಬಸ್ಸಿಗೆ ಕಳಿಸುತ್ತೇನೆ. ಅಳಿಲ ಕೂದಲಿನ ಎರಡು ಕುಂಚಗಳನ್ನು ಎಣ್ಣೆ ಸವರಿ ನಾಲ್ಕು ವರ್ಷವೂ ಕಾಪಾಡಿದ್ದೇನೆ. ಕೂದಲು ಇವತ್ತಿಗೂ ಮೊನೆ ಬಿಟ್ಟಿಲ್ಲ. ಬೋರ್ಡಿನ ನಕ್ಷೆಯನ್ನು ಪ್ರತ್ಯೇಕವಾಗಿ ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಏಣಿ ಹತ್ತುವಾಗ ಚಪ್ಪಲಿ ಬಿಡು.

ಎಂದೆಂದೂ ನಿನ್ನವಳೇ ಆದ,
ಅಮ್ಮ

ತಾ.ಕ.: ಬರೆದದ್ದನ್ನು ಒಮ್ಮೆ ಓದದೆ ಕಳಿಸುವ ಅಭ್ಯಾಸ ನನಗಿಲ್ಲ. ಓದಿದೆ. ತಪ್ಪು ಉಳಿದಿದೆ. ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಆದರೆ ಅಚ್ಚಾದ ಪುಟವನ್ನು ನಾವು ಬದಲಿಸುವುದಿಲ್ಲ, ಕೊನೆಗೊಂದು ತಪ್ಪು–ಒಪ್ಪು ಪಟ್ಟಿ ಅಂಟಿಸುತ್ತೇವೆ. ಆದ್ದರಿಂದ, 'ಗುಮಾಸ್ತ ತಪ್ಪು ಬರೆದ' ಎಂದಿರುವುದನ್ನು 'ನಾನು ತಪ್ಪು ಹೇಳಿದೆ' ಎಂದು ಓದಿಕೊಳ್ಳಬೇಕು. 'ಯಾರೋ ಗೊತ್ತಿದ್ದವರದ್ದು' ಎಂದಿರುವುದನ್ನು 'ನನ್ನದು' ಎಂದು ಓದಿಕೊಳ್ಳಬೇಕು.

ಗುಮಾಸ್ತರು ಫಾರಮಿನಲ್ಲಿ ಅಚ್ಚಾದ ಪ್ರಶ್ನೆಗಳನ್ನು ಅಚ್ಚಾದ ಹಾಗೇ ಓದುತ್ತಿದ್ದರು. ನಿಮಗೆ ತಲೆನೋವು ಯಾವಾಗಿನಿಂದ? ನೀವು ಬಲಗೈಯವರೇ, ಎಡಗೈಯವರೇ? ಅಪ್ಪನ ನಾಲಿಗೆ ಆಗಲೇ ಹೊರಳುತ್ತಿರಲಿಲ್ಲ, ಬಲಗೈ ಮೇಲೇಳುತ್ತಿರಲಿಲ್ಲ. ಅವರ ಬದಲು ನಾನು ಉತ್ತರ ಕೊಡುತ್ತಿದ್ದೆ. ಆಮೇಲೆ ಗುಮಾಸ್ತರು ತಲೆಯೆತ್ತಿ ನನ್ನ ಮುಖ ನೋಡಿ, ನೀವು ಸಿಗರೇಟು ಸೇದುತ್ತೀರಾ, ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ 'ನೀವು' ನಾನೇ ಎಂದು ನನ್ನ ಎದೆ ಹೇಳಿತು. ಹೌದು ಅಂದೆ. ದಿನಕ್ಕೆ ಮೂರು, ಹತ್ತೊಂಬತ್ತು ವರ್ಷ ಅಂದೆ. ನೀನು ಮೂರು ವರ್ಷದವಳಿದ್ದಾಗ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ಪ್ರೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಶುರುವಾದದ್ದು. ಅಮ್ಮನ ಬಾಯಲ್ಲಿ ಯಾವಾಗಲೂ ಲವಂಗ ಯಾಕೆ ಎಂದು ಕೇಳುತ್ತಿದ್ದೆಯಲ್ಲ, ಇದಕ್ಕೇ. ಸಂಜೆಯ ಒಂದನ್ನು ಮನೆಯ ಹಿಂದಿನ ಬಾಲ್ಕನಿಯಲ್ಲಿ ಸೇದುತ್ತಿದ್ದೆ. ಅಪ್ಪ ಸೀನುತ್ತಲೇ ಪಕ್ಕದಲ್ಲಿ ಕೂತು ಕುಂಚ ತೊಳೆಯುತ್ತಿದ್ದರು, ಟರ್ಪೆಂಟೈನ್ ವಾಸನೆಯಲ್ಲಿ ನನ್ನದು ಮುಚ್ಚಿಹೋಗಲಿ ಎಂದು. ನಿನಗೆ ಕೊಟ್ಟ ಮಾತನ್ನೂ ಅವರು ಮುರಿಯಲಿಲ್ಲ. ಅದರ ಮರುದಿನದಿಂದ ಪ್ಯಾಕು ಆ ಪೆಟ್ಟಿಗೆಯಲ್ಲಿ ಇರಲಿಲ್ಲ, ನನ್ನ ಚೀಲದಲ್ಲಿತ್ತು.

ಸಹಿ ಹಾಕಲು ಫಾರಂ ಕೈಗೆ ಬಂದಾಗ ನನ್ನ ತಪ್ಪು ಕಂಡಿತು. ತಿದ್ದಿಸಲು ಬಾಯಿ ತೆರೆದೆ. ಹಾಸಿಗೆಯ ಸುತ್ತ ನಿನ್ನ ಚಿಕ್ಕಪ್ಪ, ಅತ್ತೆ, ಅಜ್ಜಿ ನಿಂತಿದ್ದರು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಎಡಗೈ ಬೆರಳಿನಲ್ಲಿ ಹಾಸಿಗೆಯ ಬಟ್ಟೆಯ ಮೇಲೆ ನಿಧಾನವಾಗಿ ಮೂರು ಅಕ್ಷರ ಬರೆದರು. ಎಡಗೈಯಾದರೂ ಇಕಾರದ ಸುರುಳಿ ಕೆಟ್ಟಿರಲಿಲ್ಲ. 'ಇರಲಿ.' ಚಿಕ್ಕವಳಿದ್ದಾಗ ನನ್ನ ಮೇಜಿನ ಪಕ್ಕ ಕೂತು ನೀನೂ ಕಲಿತಿದ್ದೆ: ತಪ್ಪಾಗಿ ಹೊಡೆದುಹಾಕಿದ ಪದವನ್ನು ಉಳಿಸಬೇಕಾದರೆ ಕೆಳಗೆ ಚುಕ್ಕಿ ಸಾಲು ಇಟ್ಟು, ಅಂಚಿನಲ್ಲಿ ಇದೇ ಪದ ಬರೆಯುತ್ತೇವೆ. ನಾನು ಸಹಿ ಹಾಕಿದೆ. ಅದು ಅವರು ಬರೆದ ಕೊನೆಯ ಪದ.

ಅವರು ಹೋದ ಮೇಲೆ ಒಂದನ್ನೂ ಮುಟ್ಟಿಲ್ಲ, ಲವಂಗವನ್ನು ಮಾತ್ರ ಬಿಡಲಾಗಿಲ್ಲ. ನಾಲ್ಕು ವರ್ಷ ನನ್ನನ್ನು ತಿಂದದ್ದು ಒಂದೇ ಪ್ರಶ್ನೆ: ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕೊಂದೆನೋ ಎಂದು. ಡಾಕ್ಟರಮ್ಮನ ಹತ್ತಿರ ಹೋದದ್ದು ನಿನಗಾಗಿ ಎಂಬಂತೆ ಬರೆದೆ, ಅದರಲ್ಲೂ ಅರ್ಧ ತಿದ್ದಿಕೊ. ಹೊರಡುವಾಗ ಬಾಗಿಲ ಹತ್ತಿರ ನಿಂತು, ಸೇದುವವರ ಪಕ್ಕ ಕೂತವರಿಗೆ ಬರುತ್ತಾ, ಎಂದು ಕೇಳಿದೆ. ಅದರ ಬಗ್ಗೆ ನೋಡಿರೋದು ಇನ್ನೂ ಕಡಿಮೆ, ಬರುತ್ತೆ ಅನ್ನೋಕೆ ನನ್ನ ಹತ್ತಿರ ಆಧಾರ ಇಲ್ಲ, ಎಂದರು. ಆಮೇಲೆ ಎದ್ದು ಬಂದು ನನ್ನ ಭುಜ ಹಿಡಿದು, ಆಧಾರ ಇಲ್ಲದ ಭಾರ ಹೊರಬೇಡಿ ಅಮ್ಮ, ಎಂದರು. ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಎದ್ದಾಗ ಹಗುರಾಗಿದ್ದೆ. ತಿರುಗಿ ಹೋಗಿ, ಚೀಲದಲ್ಲಿ ಒಯ್ದಿದ್ದ ಕೇಸ್ ಶೀಟು ತಿದ್ದಿಸಿದೆ. ಈಗ ಅದರಲ್ಲಿದೆ: 'ರೋಗಿ ಎಂದೂ ಸೇದಿಲ್ಲ. ಹಿಂದಿನ ಉತ್ತರ ಹೆಂಡತಿಯದು.'

ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು. ಹೊರಲು ನಾನು ಗಟ್ಟಿಯಾಗಿದ್ದೇನೆ. ಮಡಿಸಿಟ್ಟ ನಕ್ಷೆಯನ್ನು ಬಿಚ್ಚಿ ನೋಡು. ನೀನು ಕೆಂಪು ಗೆರೆ ಎಳೆದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕಿ ಇಟ್ಟಿದ್ದೇನೆ. ಅಂಚಿನಲ್ಲಿರುವ ಪದ ನನ್ನ ಅಕ್ಷರ, ಆದರೆ ಅವರದೇ ಮಾತು: ಇರಲಿ.