ಏಳವ್ವ, ನೀನೂ ಏಳು

ಬನ್ನೂರಿನಲ್ಲಿರುವ ನನ್ನ ಅವ್ವನಿಗೆ,

ನಂಜನಗೂಡಿನಿಂದ ನಿನ್ನ ದೊಡ್ಡ ಮಗಳು ಪಲ್ಲವಿಯ ನಮಸ್ಕಾರ. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಉಂಡ್ಯಾ? ಏನ್ ಸಾರು?" ಅಂತ ಮಾತು ತಿರುಗಿಸಿಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ತಂಗಿ ಕವನಳ ಕೈಲಿ ಓದಿಸಬೇಡ. ನಿಧಾನವಾದರೂ ಸರಿ, ನೀನೇ ಓದು.

ನಿಮ್ಮ ಮಹಿಳಾ ಸಂಘದವರು ನಿನ್ನನ್ನು ಅಧ್ಯಕ್ಷೆ ಮಾಡಬೇಕೆಂದಿದ್ದಾರಂತೆ. ನೀನು ಒಲ್ಲೆ ಅಂದೆಯಂತೆ. "ಅಧ್ಯಕ್ಷೆ ಅಂದ್ರೆ ಸಭೆ ನಡೆಸ್ಬೇಕು, ಸುದ್ದವಾಗ್ ಮಾತಾಡ್ಬೇಕು. ನಾನು ಆಲು, ಅಳ್ಳಿ ಅನ್ನೋಳು, ಎಲ್ರೂ ನಗ್ತಾರೆ" ಅಂದೆಯಂತೆ. ಕವನ ಎಲ್ಲಾ ಹೇಳಿದಳು. ಸೋಮವಾರದ ಸಭೆಯಲ್ಲಿ ಇನ್ನೊಮ್ಮೆ ಕೇಳುತ್ತಾರೆ, ಆಗಲೂ ನೀನು ಬೇಡವೆಂದರೆ ಬೇರೆಯವರನ್ನು ನೋಡುತ್ತಾರೆ ಅಂತಲೂ ಹೇಳಿದಳು. ಅದಕ್ಕೇ ಈ ಕಾಗದ.

ಭಾನುವಾರದ ಮಾತಿನ ಕೂಟಕ್ಕೆ ಸೇರಿದೆ ಅಂದಾಗ "ಉಟ್ದಾಗಿಂದ ಮಾತಾಡ್ತಾನೇ ಇದ್ದೀಯ, ಇನ್ನೇನ್ ಕಲೀತೀಯ?" ಅಂತ ನಕ್ಕಿದ್ದೆಯಲ್ಲ, ನೀನು ಹೇಳಿದ್ದು ಸರಿಯಾಗಿತ್ತು. ಮೊದಲ ಸಲ ಗುಂಪು ಚರ್ಚೆ ನಡೆಸಲು ಕೂರಿಸಿದಾಗ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಉಳಿದವರು ಫ್ಯಾನ್ ನೋಡಿಕೊಂಡು ಕೂತಿದ್ದರು. ಕೂಟ ನಡೆಸುವ ಮಹಾದೇವಸ್ವಾಮಿ ಸರ್ ಆಮೇಲೆ ಹೊರಗೆ ಕರೆದು, "ಚರ್ಚೆ ನಡ್ಸೋರು ಮಾತಾಡಕ್ಕಲ್ಲಮ್ಮ ಕೂತಿರೋದು, ಮಾತಾಡ್ಸಕ್ಕೆ" ಅಂದರು. ನನಗೆ ಒಳಗೊಳಗೇ ಉರಿಯಿತು. ಮಾತು ಕಲಿಯಲು ಬಂದವಳಿಗೆ ಬಾಯಿ ಮುಚ್ಚು ಅಂದರೆ ಹೇಗಿರುತ್ತದೆ ಹೇಳು!

ಆದರೂ ಬಿಡಲಿಲ್ಲ. ಇನ್ನೊಂದು ಭಯವೂ ಇತ್ತು, ಥೇಟ್ ನಿನ್ನದೇ ಭಯ. ನಿನ್ನ ಮಗಳಲ್ಲವೇ, ನನ್ನ ಬಾಯಲ್ಲೂ 'ಹ' ನಿಲ್ಲುವುದಿಲ್ಲ. ಅಡುಗೆ ಮಾಡುವಾಗೆಲ್ಲ ಹಳ್ಳಿ, ಹಾಲು, ಹೂವು ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. "ಒಂದನೇ ಕ್ಲಾಸಿಗೆ ಅಡ್ಮಿಷನ್ ಆಯ್ತಾ?" ಅಂತ ನಿನ್ನ ಅಳಿಯ ರೇಗಿಸುತ್ತಿದ್ದರು.

ಹೋದ ಭಾನುವಾರ ಮತ್ತೆ ನನ್ನ ಸರದಿ. ಊಟಕ್ಕೆ ರಾಗಿ ಒಳ್ಳೆಯದೋ ಅಕ್ಕಿ ಒಳ್ಳೆಯದೋ ಎಂಬುದು ವಿಷಯ. ಎದ್ದು ನಿಂತು, ಎದೆ ತುಂಬ ಉಸಿರು ಎಳೆದುಕೊಂಡು ಶುರು ಮಾಡಿದೆ: "ಮೊದಲೆಲ್ಲ ನಮ್ಮ ಹಿರಿಯರು ರಾಗಿ ತಿನ್ನುತ್ತಿದ್ದರು. ಈಗ ನಾವು ಮೂರು ಹೊತ್ತೂ ಹಕ್ಕಿ ತಿನ್ನುತ್ತಿದ್ದೇವೆ."

ಎಲ್ಲಿ ಬೇಕೋ ಅಲ್ಲಿ ಬಾರದ 'ಹ' ಅಲ್ಲಿ ಬಂದು ಕೂತಿತ್ತು! ಹಿಂದಿನಿಂದ ಮದನ್ ಅನ್ನುವ ಹುಡುಗ "ಕೋಳಿನೋ ಗುಬ್ಬಿನೋ ಮೇಡಂ?" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕಣ್ಣು ತುಂಬಿ ಬಂತು ಅವ್ವ. ಓಡಿಹೋಗಬೇಕು ಅನ್ನಿಸಿತು.

ಆಗ ನೆನಪಾದವಳು ನೀನು. ನಮ್ಮ ಬೀದಿಯ ನಲ್ಲಿಯ ಹತ್ತಿರ ಬಿಂದಿಗೆ ಜಗಳ ಹತ್ತಿದರೆ ನೀನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಡುವೆ ನಿಲ್ಲುತ್ತಿದ್ದೆ. ಜೋರು ಬಾಯಿಯವರಿಗೆ "ವಸಿ ತಡ್ಕಳವ್ವ" ಅನ್ನುತ್ತಿದ್ದೆ. ಮೂಲೆಯಲ್ಲಿ ಸುಮ್ಮನಿದ್ದವಳ ಕಡೆ ತಿರುಗಿ "ಏಳವ್ವ, ನೀನೂ ಏಳು" ಅನ್ನುತ್ತಿದ್ದೆ. ಮೈಸೂರಿನಿಂದ ನಮ್ಮ ಬೀದಿಗೆ ಬಂದ ಹೊಸ ಸೊಸೆ ವಾಣಿ ಒಮ್ಮೆ ಕಟ್ಟೆಯ ಮೇಲೆ ಕೂತಿದ್ದಳಲ್ಲ, ನೆನಪಿದೆಯಾ? ನೀನು ಹೇಳು ಅಂದದ್ದು ಅವಳಿಗೆ ಎದ್ದೇಳು ಅಂತ ಕೇಳಿಸಿ ದಡಕ್ಕನೆ ಎದ್ದು ನಿಂತಳು. ಎದ್ದು ನಿಂತ ಮೇಲೆ ಮಾತೂ ಬಂತು. ಆವತ್ತು ಮೊದಲ ಬಿಂದಿಗೆ ಅವಳದೇ.

ನಾನೂ ನಕ್ಕುಬಿಟ್ಟೆ. "ನಮ್ಮವ್ವನ ಬಾಯಲ್ಲಿ ಹಾಲು ಆಲಾಗುತ್ತೆ, ನನ್ನ ಬಾಯಲ್ಲಿ ಅಕ್ಕಿ ಹಾರಿಹೋಯಿತು" ಅಂದೆ. ಬಾಗಿಲ ಪಕ್ಕ ಟೈಲರ್ ಅಂಗಡಿಯ ಚನ್ನಾಜಮ್ಮ ಕೂತಿದ್ದರು. ಕೂಟಕ್ಕೆ ಸೇರಿದಾಗಿನಿಂದ ಒಂದು ಮಾತೂ ಆಡಿದವರಲ್ಲ. ಅವರ ಕಡೆ ತಿರುಗಿ "ಏಳಿ ಚನ್ನಾಜಮ್ಮೋರೆ, ನಿಮ್ಮನೇಲಿ ಏನು?" ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ. ಕಾಯುವುದು ಕಷ್ಟ ಅವ್ವ, ನಾಲಿಗೆ ಕಡಿಯುತ್ತದೆ.

"ನಮ್ದು ರಾಗಿ ಇಟ್ಟೇ ಕಣವ್ವ," ಅಂದರು ಅವರು. "ನಂಗೂ ಏಳ್ಬೇಕು ಅಂತ ಆಸೆ. ನಗ್ತಾರೆ ಅಂತ ಸುಮ್ಕಿದ್ದೆ."

ಆಮೇಲೆ ಯಾರೂ ಸುಮ್ಮನಿರಲಿಲ್ಲ. ಮದನ್ ಕೂಡ ಪೇಟೆ ಮಾತು ಬಿಟ್ಟು "ನಮ್ಮಜ್ಜಿ ಇಟ್ಟು ಇಲ್ದೆ ಉಣ್ತಾನೇ ಇರ್ಲಿಲ್ಲ" ಅಂದ. ನನ್ನ ಕೆಲಸ ಒಂದೇ: ಜೋರಿನವರನ್ನು ವಸಿ ತಡೆಯುವುದು, ಸುಮ್ಮನಿದ್ದವರನ್ನು ಕೇಳುವುದು. ಮುಗಿದ ಮೇಲೆ ಮಹಾದೇವಸ್ವಾಮಿ ಸರ್ "ಎಲ್ಲಿ ಕಲಿತೆಯಮ್ಮ ಇದನ್ನ?" ಅಂತ ಕೇಳಿದರು. ಬನ್ನೂರಿನ ನಲ್ಲಿ ಹತ್ತಿರ ಅಂದೆ. ಅವರು ತಮಾಷೆ ಅಂದುಕೊಂಡರು. ನನಗೆ ಆ ದಿನವೆಲ್ಲ ಸಂತೋಷ.

ಸಭೆ ನಡೆಸುವುದು ಅಂದರೆ ಇಷ್ಟೇ ಅವ್ವ. ನಾನು ಈಗ ಕಲಿಯುತ್ತಿರುವುದನ್ನು ನೀನು ಎಷ್ಟೋ ವರ್ಷದಿಂದ ಮಾಡುತ್ತಿದ್ದೀಯ. ಯಾರಾದರೂ ನಕ್ಕರೆ ನಗಲಿ, ನಕ್ಕ ಬಾಯಿ ಮಾತಿಗೂ ಬೇಗ ತೆರೆಯುತ್ತದೆ.

ಸೋಮವಾರ ನಿನ್ನ ಹೆಸರು ಕೂಗುತ್ತಾರೆ. ನೀನು ಸೆರಗು ಸರಿಮಾಡಿಕೊಂಡು, ನೆಲ ನೋಡಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಬೀದಿಯವರಿಗೆಲ್ಲ ನೀನು ಹೇಳಿದ ಮಾತನ್ನು ನಿನಗೆ ಹೇಳಿದವರು ಯಾರೂ ಇಲ್ಲ. ನಾನು ಹೇಳುತ್ತಿದ್ದೇನೆ, ನಿನ್ನ ಮಾತಿನಲ್ಲೇ, ಎರಡೂ ಅರ್ಥದಲ್ಲಿ:

ಏಳವ್ವ.

ನಿನ್ನ ಆಶೀರ್ವಾದ ನನಗಿರಲಿ, ನನ್ನ ಧೈರ್ಯದಲ್ಲಿ ಒಂದು ಪಾಲು ನಿನಗಿರಲಿ.

ಹಕ್ಕಿ ತಿನ್ನುವ ನಿನ್ನ ಮಗಳು,
ಪಲ್ಲವಿ